ತೋಟದ ಗಿಡಗಳೂ ಸೇರಿ

"ತೋಟದ ಗಿಡಗಳು?" ಅಡುಗೆಮನೆ ಕಿಟಕಿಯಿಂದ ಹಿಲ್ಡಾ ಕೂಗಿದಳು.

ನಾರ್ಮನ್ ಟ್ವೆಡಲ್ ಆಗ ಹಿತ್ತಲಿನ ಪಾತಿಯ ಮುಂದೆ ಮಂಡಿಯೂರಿ, ಉಸಿರು ಬಿಗಿಹಿಡಿದು, ಒಂದು ಲೀಕ್ ಈರುಳ್ಳಿಯ ಸೊಂಟಕ್ಕೆ ದರ್ಜಿಯ ಟೇಪು ಸುತ್ತುತ್ತಿದ್ದ. ಬೆಳ್ಳನೆಯ ದಂಟು, ಎಳೆಮಗುವಿನ ತೊಡೆಯಷ್ಟು ದಪ್ಪ. ಹಿಂದಿನ ವಾರಕ್ಕಿಂತ ಕಾಲಿಂಚು ಹೆಚ್ಚಾಗಿತ್ತು. ಇಂಥ ಹೊತ್ತಿನಲ್ಲಿ ಮನೆಗೆ ಬೆಂಕಿ ಬಿದ್ದಿದೆ ಎಂದರೂ ಅವನು "ಆಗ್ಲಿ" ಎನ್ನುವ ಪೈಕಿ.

"ಯಾವ ಗಿಡ?"

"ಮನೆ ಮಾರೋ ಫಾರಂನಲ್ಲಿ ಕೇಳಿದಾರೆ. ಪರದೆ ಬಿಟ್ಟು ಹೋಗ್ತೀರಾ, ಒಲೆ ಬಿಟ್ಟು ಹೋಗ್ತೀರಾ, ತೋಟದ ಗಿಡ ಬಿಟ್ಟು ಹೋಗ್ತೀರಾ ಅಂತ. ಹೌದು ಅಂತ ಹಾಕ್ಲಾ, ಇಲ್ಲ ಅಂತ ಹಾಕ್ಲಾ?"

"ಎಲ್ಲಾ ಬಿಡೇ ಮಾರಾಯ್ತಿ! ಗುಲಾಬಿ ಕಿತ್ಕೊಂಡು ಹೋಗಿ ನಿನ್ನ ತಂಗಿ ತಲೆ ಮೇಲೆ ನೆಡ್ತೀಯಾ? ನನ್ನ ಅಳತೆ ತಪ್ಪಿಸ್ಬೇಡ!"

ಹಿಲ್ಡಾ 'ಹೌದು' ಎಂಬ ಚೌಕದಲ್ಲಿ ದಪ್ಪಗೆ ಗುರುತು ಹಾಕಿ, ಕೆಳಗೆ ಗಂಡನ ಸಹಿ ಮಾಡಿಸಿಕೊಂಡು, ಅವತ್ತೇ ಅಂಚೆಗೆ ಹಾಕಿಬಿಟ್ಟಳು.

ಮೂವತ್ತೊಂದು ವರ್ಷ ಬಸ್ಸು ಓಡಿಸಿದ ನಾರ್ಮನ್‌ನ ಮಂಡಿಗಳು ಈಗ ಮೆಟ್ಟಿಲು ಕಂಡರೆ ಮುಷ್ಕರ ಹೂಡುತ್ತಿದ್ದವು. ಹಾಗಾಗಿ ಮನೆ ಮಾರಿ, ಸಮುದ್ರದ ಕಡೆ ಹಿಲ್ಡಾಳ ತಂಗಿಯ ಮನೆ ಪಕ್ಕದಲ್ಲೇ ಮೆಟ್ಟಿಲಿಲ್ಲದ ಒಂದು ಪುಟ್ಟ ಮನೆ ನೋಡಿದ್ದರು. ಅಲ್ಲಿ ಎಲ್ಲವೂ ಚೆನ್ನಾಗಿತ್ತು. ಹಿತ್ತಲಿಗೆ ಮಾತ್ರ ಗೋಡೆಯಿಂದ ಗೋಡೆಗೆ ಸಿಮೆಂಟು. ಅಂದರೆ ಸೆಪ್ಟೆಂಬರ್ ಇಪ್ಪತ್ತನೇ ತಾರೀಕಿನ ಲೀಕ್ ಪ್ರದರ್ಶನವೇ ಅವನ ಪಾಲಿಗೆ ಕೊನೆಯದು. ಇಪ್ಪತ್ತಾರು ವರ್ಷ ಸ್ಪರ್ಧಿಸಿ ಮೂರು ಸಲ ಎರಡನೆಯವನಾಗಿದ್ದ, ಮೊದಲನೆಯವನು ಒಮ್ಮೆಯೂ ಆಗಿರಲಿಲ್ಲ. ಈ ವರ್ಷದ ಪಾತಿಯನ್ನು ನೋಡಿದರೆ ಆಗುವ ಲಕ್ಷಣ ಎದ್ದು ಕಾಣುತ್ತಿತ್ತು.

ನಮ್ಮ ಹೆಸಲ್‌ಬರ್ನ್ ಗಣಿ ಮುಚ್ಚಿದ ಊರು. ಕಲ್ಲಿದ್ದಲು ಹೋದರೂ ಲೀಕ್ ಉಳಿದುಕೊಂಡಿದೆ. ಇಲ್ಲಿ ವಕೀಲರೆಂದರೆ ಒಬ್ಬರೇ, ಆಂಬ್ರೋಸ್ ಗ್ಯಾರಿಕ್. ಮೀನು ಕರಿಯುವ ಅಂಗಡಿಗೂ ಶವಪೆಟ್ಟಿಗೆ ಅಂಗಡಿಗೂ ನಡುವೆ ಅವನ ಕಚೇರಿ. ಊರಿನ ಮನೆಪತ್ರಗಳೆಲ್ಲ ಅವನ ಅಪ್ಪನ ಕಾಲದಿಂದಲೂ ಅಲ್ಲೇ ಇವೆ, ಎಲ್ಲಕ್ಕೂ ಪಕ್ಕದಂಗಡಿಯಲ್ಲಿ ಮೀನಿಗೆ ಚಿಮುಕಿಸುವ ವಿನಿಗರ್‌ನ ಒಂದಿಷ್ಟು ವಾಸನೆ. ಮನೆ ಮಾರುವ ಮಾತೆತ್ತಿದಾಗ ಹಿಲ್ಡಾ ಸಹಜವಾಗಿಯೇ "ಗ್ಯಾರಿಕ್ ಹತ್ರ ಹೋಗು" ಎಂದಿದ್ದಳು.

"ಸತ್ರೂ ಹೋಗಲ್ಲ."

"ಸತ್ರೆ ಪಕ್ಕದಂಗಡಿಗೆ ಹೋಗ್ತೀಯ. ಬದುಕಿರೋವಾಗ ಇವನ ಹತ್ರ ಹೋಗೋಕೇನು?"

ಕಾರಣವನ್ನು ನಾರ್ಮನ್ ಬಾಯಿಬಿಟ್ಟು ಹೇಳಲಿಲ್ಲ. ಊರಿಗೆಲ್ಲ ಗೊತ್ತಿತ್ತು. ಗ್ಯಾರಿಕ್‌ನ ಕುರ್ಚಿಯ ಹಿಂದೆ ಒಂದು ಕಪಾಟಿದೆ. ಅದರಲ್ಲಿ ಲೀಕ್ ಪ್ರದರ್ಶನದಲ್ಲಿ ಗೆದ್ದ ಆರು ವರ್ಷದ ಆರು ಬೆಳ್ಳಿ ಕಪ್ಪುಗಳು ಸಾಲಾಗಿ ನಿಂತಿವೆ. ಎದುರು ಕೂತ ಕಕ್ಷಿದಾರ ಅವನ್ನು ನೋಡುತ್ತಲೇ ತನ್ನ ಗೋಳು ಹೇಳಿಕೊಳ್ಳಬೇಕು.

ಹಾಗಾಗಿ ನಾರ್ಮನ್ ಕಂಪ್ಯೂಟರಿನಲ್ಲಿ ಹುಡುಕಿ, ಇನ್ನೂರು ಮೈಲಿ ದೂರದ ಒಂದು ಕಂಪನಿಯನ್ನು ಹಿಡಿದ. ಅಗ್ಗ, ಚುರುಕು, ಮನೆಯಲ್ಲೇ ಕೂತು ಮುಗಿಸಬಹುದು. ಮೊದಲ ವಾರ ಕೈಲ್ ಎಂಬುವವನು ಮಾತಾಡಿದ. ಎರಡನೇ ವಾರ ಕೈಲ್ ರಜೆ, ಜೇಡ್ ಬಂದಳು. ಜೇಡ್ ಕೆಲಸ ಬಿಟ್ಟಮೇಲೆ ಕೀರನ್. ಪ್ರತಿಯೊಬ್ಬರಿಗೂ ನಾರ್ಮನ್ ಮೊದಲಿಂದ ತನ್ನ ಹೆಸರು, ಮನೆ ನಂಬರು, ತಾಯಿಯ ತವರಿನ ಹೆಸರು ಹೇಳಬೇಕಿತ್ತು. ಪ್ರದರ್ಶನ ಮುಗಿದಮೇಲೆ ಮನೆ ಬಿಡುತ್ತೇನೆ ಎಂದು ಮೂವರಿಗೂ ಹೇಳಿದ, ಮೂವರೂ "ನೋಟ್ ಮಾಡ್ಕೊಂಡಿದೀವಿ" ಎಂದರು. ಕರಾರಿನಲ್ಲಿ ಮನೆ ಬಿಡುವ ತಾರೀಕು ಸೆಪ್ಟೆಂಬರ್ ಹನ್ನೆರಡು ಎಂದು ಬಂತು. ಹೋಗಲಿ, ದಿನಾ ಬಸ್ಸು ಹಿಡಿದು ಬಂದು ನೀರು ಹಾಕಿದರಾಯಿತು, ಯಾರು ಬೇಡ ಅಂತಾರೆ ಎಂದುಕೊಂಡು ಅವನು ಅದಕ್ಕೂ ಸಹಿ ಹಾಕಿದ.

ನಾಲ್ಕನೇ ತಾರೀಕು ಮನೆ ಕೊಂಡ ಕೆರಿ ಪರ್ವಿಸ್ ಪರದೆಗೆ ಅಳತೆ ತೆಗೆಯಲು ಬಂದಳು. ಪಕ್ಕದೂರಿನ ಶಾಲೆಯಲ್ಲಿ ಅಡುಗೆಯವಳು, ಗಟ್ಟಿ ದನಿ, ಗಟ್ಟಿ ತೋಳು. ಕಿಟಕಿಗಳನ್ನು ಮುಗಿಸಿ ಹಿತ್ತಲಿಗೆ ಬಂದವಳು ಪಾತಿಯ ಮುಂದೆ ನಿಂತುಬಿಟ್ಟಳು.

"ಅಬ್ಬಬ್ಬಾ! ಇದೆಲ್ಲಾ ನಂಗೇನಾ?"

ನಾರ್ಮನ್ ನಕ್ಕ. ಅವಳು ತಮಾಷೆ ಮಾಡುತ್ತಿದ್ದಾಳೆಂದೇ ಅವನ ಭಾವನೆ.

"ನಮ್ಮಮ್ಮಂಗೆ ಹದಿನಾಲ್ಕಕ್ಕೆ ಅರವತ್ತು ತುಂಬುತ್ತೆ. ಮನೆ ತುಂಬ ಜನ. ಏನು ಮಾಡೋದಪ್ಪಾ ಅಂತಿದ್ದೆ." ಅವಳು ಬಗ್ಗಿ ಎಲ್ಲಕ್ಕಿಂತ ದಪ್ಪದ ದಂಟನ್ನು ಕಲ್ಲಂಗಡಿ ನೋಡುವಂತೆ ಬೆರಳಿನಿಂದ ತಟ್ಟಿದಳು. "ಇಂಥವು ಮೂರಿದ್ರೆ ಇಪ್ಪತ್ತು ಜನಕ್ಕೆ ಸೂಪು. ನಮ್ಮ ವಕೀಲರು ಗ್ಯಾರಿಕ್ ಸಾರ್ ಹೇಳಿದ್ರು, ಪಟ್ಟೀಲಿ ತೋಟದ ಗಿಡಗಳೂ ಸೇರಿವೆ ಅಂತ. ತುಂಬ ಒಳ್ಳೇವ್ರು ನೀವು."

ನಾರ್ಮನ್ ಪಾತಿಗೆ ಅಡ್ಡ ಬಂದು ನಿಂತ. ಹಿಲ್ಡಾ ಓಡಿ ಬಂದು "ಕೇಕ್ ತಗೊಳಮ್ಮ, ಕೇಕ್" ಎಂದು ಆ ಹುಡುಗಿಯನ್ನು ಒಳಗೆ ಎಳೆದುಕೊಂಡು ಹೋದಳು.

ಕೆರಿ ಹೋದಮೇಲೆ ಹಿಲ್ಡಾ, "ಅವಳನ್ನೇ ಕೇಳಿಬಿಡ್ಬಾರ್ದಿತ್ತಾ?" ಎಂದಳು.

"ಕೇಳಿದ್ರೆ ಅವಳು ಯಾರನ್ನ ಕೇಳ್ತಾಳೆ? ವಕೀಲನ್ನ. ವಕೀಲ ಯಾರು? ಪಾಪ ಟ್ವೆಡಲ್‌ಗೆ ಬಿಟ್ಕೊಡಮ್ಮ, ನನ್ನ ಸೋಲಿಸ್ಲಿ ಅಂತಾನಾ?"

ಕಂಪನಿಗೆ ಫೋನು ಮಾಡಿದ. ಕಾಯುವವರಿಗೆಂದು ಫೋನಿನಲ್ಲಿ ಹಾಕಿದ ಪಿಯಾನೊವನ್ನು ನಲವತ್ತು ನಿಮಿಷ ಕೇಳಿದಮೇಲೆ ಕೀರನ್ ಸಿಕ್ಕ.

"ನಾರ್ಮನ್, ಗಿಡಗಳು ಸೇರಿವೆ ಅಂತ ನೀವೇ ಬರೆದಿದ್ದೀರಲ್ಲ."

"ಅದು ಗುಲಾಬಿಗಪ್ಪಾ! ಲೀಕ್ ಗಿಡ ಅಲ್ಲ, ಅದು... ಅದು ಲೀಕ್! ಮೇಲಾಗಿ ಪ್ರದರ್ಶನದ ದಿನದವರೆಗೂ ಪಾತಿ ಬೆಳೆದವನ ಕೈಲೇ ಇರ್ಬೇಕು. ಇಲ್ದಿದ್ರೆ ಸ್ಪರ್ಧೆಗೆ ಸೇರಿಸ್ಕೊಳ್ಳಲ್ಲ."

ಕೀರನ್ ಕೀಲಿಗಳನ್ನು ಒತ್ತುವ ಸದ್ದು ಕೇಳಿಸಿತು. "ತರಕಾರಿ ಅಂತ ಹಾಕ್ಲಾ, ಇತರೆ ಅಂತ ಹಾಕ್ಲಾ? ಯಾವುದಾದ್ರೂ ಸರಿ, ಆ ಕಡೆ ವಕೀಲರಿಗೆ ಪತ್ರ ಬರೀತೀವಿ. ಹತ್ತು ಕೆಲಸದ ದಿನ ಬೇಕು."

ಹತ್ತು ಕೆಲಸದ ದಿನವೆಂದರೆ ಹದಿನೆಂಟನೇ ತಾರೀಕು. ಅಷ್ಟು ಹೊತ್ತಿಗೆ ಸೂಪು ಕುಡಿದವರು ಅದನ್ನು ಮರೆತೂ ಬಿಟ್ಟಿರುತ್ತಾರೆ.

ಮರುದಿನ ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮಂಡಿ ಹಿಡಿದುಕೊಂಡು, ಗ್ಯಾರಿಕ್‌ನ ಕಚೇರಿಯ ಹನ್ನೊಂದು ಮೆಟ್ಟಿಲು ಹತ್ತಿದ. ಕಪ್ಪುಗಳ ಕಡೆ ನೋಡಬಾರದೆಂದು ನೆಲ ನೋಡುತ್ತಲೇ ಒಳಗೆ ಬಂದ. ಗ್ಯಾರಿಕ್ ಗಾಬರಿಯಿಂದ ಎದ್ದು ನಿಂತ. ಸಣಕಲು ಆಳು, ಮೂಗಿನ ತುದಿಯಲ್ಲಿ ಕನ್ನಡಕ.

"ಟ್ವೆಡಲ್ ಅವರೇ, ದಯವಿಟ್ಟು ಏನೂ ಮಾತಾಡ್ಬೇಡಿ. ನಿಮಗೆ ನಿಮ್ಮದೇ ವಕೀಲರಿದ್ದಾರೆ. ನಾನು ಎದುರು ಪಕ್ಷದವನು. ನಿಯಮ."

"ನನ್ನ ವಕೀಲರು ಅಂದ್ರೆ ಒಂದು ಪಿಯಾನೊ ಕಣೋ!"

"ಇರಬಹುದು. ಆದ್ರೂ ನಾನು ನಿಮ್ಮ ಹತ್ರ ಈ ವಿಷಯ ಮಾತಾಡೋ ಹಾಗಿಲ್ಲ."

"ವಕೀಲನ ಹತ್ರ ಯಾರು ಮಾತಾಡ್ತಿದಾರೆ? ನಾನು ಲೀಕ್ ಬೆಳೆಯೋನ ಹತ್ರ ಮಾತಾಡೋಕೆ ಬಂದೆ."

ಗ್ಯಾರಿಕ್ ಕನ್ನಡಕ ತೆಗೆದು ಒರೆಸಿದ. ಬಹಳ ಹೊತ್ತು ಒರೆಸಿದ. "ಅವನು ಆರು ಗಂಟೆಮೇಲೆ ಮನೆ ಹಿತ್ತಲಲ್ಲಿ ಸಿಕ್ತಾನೆ" ಎಂದ.

ಆರಕ್ಕೆ ನಾರ್ಮನ್ ಹೋದಾಗ ಗ್ಯಾರಿಕ್ ಹಳೇ ಪ್ಯಾಂಟಿನಲ್ಲಿ, ರಬ್ಬರ್ ಬೂಟಿನಲ್ಲಿ ನಿಂತಿದ್ದ. ಆರು ವರ್ಷ ಗೆದ್ದ ಆ ಹಿತ್ತಲನ್ನು ನಾರ್ಮನ್ ಒಳಹೊಕ್ಕು ನೋಡಿದ್ದು ಅದೇ ಮೊದಲು. ಲೀಕ್‌ಗಳೇನೋ ಇದ್ದವು. ಆದರೆ ಗರಿಗಳ ಮೇಲೆಲ್ಲ ಕಿತ್ತಳೆ ಬಣ್ಣದ ಚುಕ್ಕೆ. ತುಕ್ಕುರೋಗ. ಅರ್ಧಕ್ಕರ್ಧ ಬೆಳವಣಿಗೆ ನಿಂತುಹೋಗಿತ್ತು. ನೋಡಿ ನಾರ್ಮನ್‌ಗೆ ಖುಷಿಯಾಯಿತು. ಖುಷಿಯಾದದ್ದಕ್ಕೆ ತಕ್ಷಣ ನಾಚಿಕೆಯೂ ಆಯಿತು.

"ನಿಂದು ಎಷ್ಟು ದಪ್ಪ?" ಗ್ಯಾರಿಕ್ ಕೇಳಿದ.

ಈ ಪ್ರಶ್ನೆಗೆ ನಮ್ಮೂರಿನಲ್ಲಿ ಯಾರೂ ನಿಜ ಹೇಳುವುದಿಲ್ಲ. ನಾರ್ಮನ್ ಹೇಳಿದ. ಗ್ಯಾರಿಕ್ ಬಕೆಟ್ ಮಗುಚಿ ಅದರ ಮೇಲೆ ಕುಕ್ಕರಿಸಿದ.

"ನೋಡು ನಾರ್ಮನ್, ಈ ಊರಲ್ಲಿ ಬೇಸಿಗೇಲಿ ಮಾರೋ ಪ್ರತಿ ಮನೆ ಪತ್ರದಲ್ಲೂ ಒಂದು ಸಾಲು ಇರುತ್ತೆ. ಪ್ರದರ್ಶನ ಮುಗಿಯೋವರೆಗೂ ಲೀಕ್ ಪಾತಿ ಬೆಳೆದವನಿಗೇ ಸೇರಿದ್ದು ಅಂತ. ನಮ್ಮಪ್ಪ ಬರೀತಿದ್ದ, ನಾನೂ ಬರೀತೀನಿ. ನಿನ್ನ ಕಂಪನಿಯಿಂದ ಕಾಗದ ಬಂದ ದಿನವೇ ಹುಡುಕಿದೆ. ಇರ್ಲಿಲ್ಲ."

"ಒಂದು ಮಾತು ಹೇಳೋದಲ್ವೇನೋ!"

"ನಿಂಗೆ ಹೇಳೋ ಹಾಗಿಲ್ಲ, ನಾನು ಆ ಹುಡುಗಿ ವಕೀಲ. ಆದ್ರೆ ಅವಳಿಗೆ ಹೇಳ್ಬಹುದಿತ್ತು. ಹೇಳ್ಲಿಲ್ಲ." ಅವನು ಒಂದು ರೋಗದ ಗರಿಯನ್ನು ಕಿತ್ತು ಬೆರಳಲ್ಲಿ ಹೊಸಕಿದ. "ಮೂರು ವಾರದಿಂದ ನಿದ್ದೆ ಇಲ್ಲ ಕಣೋ. ಯಾಕೆ ಹೇಳ್ಲಿಲ್ಲ ಗೊತ್ತಾ? ಏಳನೇ ಕಪ್ ಇಡೋಕೆ ಕಪಾಟಲ್ಲಿ ಜಾಗಾನೂ ಮಾಡಿದ್ದೆ."

ನಾರ್ಮನ್‌ಗೆ ಅವನ ಕತ್ತು ಹಿಸುಕಬೇಕೆನ್ನಿಸಿತು. ಆ ಕತ್ತು ನೋಡಿದರೆ ಅಯ್ಯೋ ಅನ್ನಿಸುವಂತಿತ್ತು. ಕೈಗಳನ್ನು ಜೇಬಿಗೆ ತುರುಕಿಕೊಂಡು ನಾರ್ಮನ್ ಮನೆಗೆ ಬಂದ.

ಮರುದಿನ ಮಧ್ಯಾಹ್ನ ಕೆರಿಯ ಕಾರು ಮನೆ ಮುಂದೆ ಕಿರುಗುಟ್ಟಿ ನಿಂತಿತು. ಅವಳು ಬಾಗಿಲು ತಟ್ಟಲೂ ಇಲ್ಲ.

"ಅಲ್ಲಾ, ನಂಗೆ ಮೊದ್ಲೇ ಹೇಳ್ಬಾರ್ದಾ? ಪ್ರದರ್ಶನದ ಲೀಕ್‌ನ ಸೂಪಿಗೆ ಹಾಕಿದ್ರೆ ಈ ಊರಲ್ಲಿ ನನ್ನ ಮಾತಾಡ್ಸೋರಿರಲಿ, ಹಾಲು ಮಾರೋರೂ ಇರಲ್ವಂತೆ! ಗ್ಯಾರಿಕ್ ಸಾರ್ ಹೇಳಿದ್ರು. ಹೇಳ್ತಾ ಹೇಳ್ತಾ ಮೂರು ಸಲ ಕನ್ನಡಕ ಒರೆಸಿದ್ರು ಪಾಪ, ಹುಷಾರಿಲ್ಲ ಅನ್ಸುತ್ತೆ." ಅವಳು ಕೈಚೀಲದಿಂದ ಶಾಲೆಯ ಊಟದ ಪಟ್ಟಿಯೊಂದನ್ನು ತೆಗೆದು ಮೇಜಿನ ಮೇಲೆ ಬಡಿದಳು. ಅದರ ಬೆನ್ನಿಗೆ ಬರೆದಿತ್ತು: ಇಪ್ಪತ್ತನೇ ತಾರೀಕಿನವರೆಗೆ ಪಾತಿಯೂ ಅದರಲ್ಲಿರುವ ಲೀಕ್‌ಗಳೂ ಟ್ವೆಡಲ್ ಅವರವು, ಆಮೇಲೆ ದಂಟು ನನ್ನ ಸೂಪಿಗೆ, ಬೇರು ಅವರಿಗೆ. "ಪುಕ್ಕಟೆ ಕೊಡೋದಕ್ಕೆ ಎದುರಿನವರ ಸಹಿ ಬೇಡ್ವಂತೆ. ಸೂಪು ಒಂದು ವಾರ ತಡವಾದ್ರೆ ನಮ್ಮಮ್ಮನ ವಯಸ್ಸೇನೂ ಕಮ್ಮಿ ಆಗಲ್ಲ."

ಹಿಲ್ಡಾ ಅವಳನ್ನು ತಬ್ಬಿಕೊಂಡು ಅತ್ತಳು. ನಾರ್ಮನ್‌ಗೂ ಅಳು ಬಂದಿತ್ತು. ಲೀಕ್‌ಗೆ ನೀರು ಹಾಕಬೇಕು ಎಂದು ಹೇಳಿ ಹೊರಗೆ ಹೋದ.

ಇಪ್ಪತ್ತನೇ ತಾರೀಕು ನಾರ್ಮನ್ ಟ್ವೆಡಲ್ ಮೊದಲನೆಯವನಾದ. ಗ್ಯಾರಿಕ್‌ಗೆ ಐದನೇ ಸ್ಥಾನ. ಅವನು ಎಲ್ಲರಿಗಿಂತ ಮೊದಲು ಬಂದು ಕೈ ಕುಲುಕಿದ, ಎಲ್ಲರಿಗಿಂತ ಮೊದಲು ಮನೆಗೂ ಹೋದ.

ಸೋಮವಾರ ನಾರ್ಮನ್ ಸಮುದ್ರದ ಕಡೆಯಿಂದ ಬಸ್ಸಿನಲ್ಲಿ ಬಂದು ಮತ್ತೆ ಆ ಹನ್ನೊಂದು ಮೆಟ್ಟಿಲು ಹತ್ತಿದ. ಉಯಿಲು ಬರೆಸಬೇಕು ಎಂದ.

"ಎಲ್ಲಾ ಹಿಲ್ಡಾಗೆ" ಎಂದ. ಗ್ಯಾರಿಕ್ ಬರೆದುಕೊಂಡ. "ಇನ್ನೊಂದಿದೆ. ನನ್ನ ಲೀಕ್ ತಳಿ. ಅದು ನಿಂಗೆ ಅಂತ ಬರಿ."

ಗ್ಯಾರಿಕ್‌ನ ಪೆನ್ನು ನಿಂತಿತು. "ಅದು ಆಗಲ್ಲ ನಾರ್ಮನ್. ನಾನು ಬರೆಯೋ ಉಯಿಲಲ್ಲಿ ನನ್ನ ಹೆಸರೇ ಬಂದ್ರೆ, ನೀನು ಬೇರೆ ವಕೀಲನ್ನ ಕೇಳ್ಬೇಕು. ನಿಯಮ."

"ಬೇರೆ ವಕೀಲನ್ನಾ? ಒಂದ್ಸಲ ಕೇಳಿದ್ದು ಸಾಲ್ದಾ?" ನಾರ್ಮನ್ ಕೋಟಿನ ಒಳಗೆ ಕೈಹಾಕಿ ಒದ್ದೆ ಪತ್ರಿಕೆಯಲ್ಲಿ ಸುತ್ತಿದ್ದ ಗಂಟೊಂದನ್ನು ತೆಗೆದು ಮೇಜಿನ ಮೇಲಿಟ್ಟ. "ಬಿಡು ಹಾಗಾದ್ರೆ. ಸಾಯೋವರೆಗೂ ಯಾರು ಕಾಯ್ತಾರೆ? ನಮ್ಮ ಹೊಸ ಮನೇಲಿ ಬರೀ ಸಿಮೆಂಟು."

ಗ್ಯಾರಿಕ್ ಪತ್ರಿಕೆಯನ್ನು ಬಿಡಿಸಿದ. ಗೆದ್ದ ಲೀಕ್‌ಗಳ ಮುಷ್ಟಿಗಾತ್ರದ ಮೂರು ಬುಡಗಳು, ನೆಟ್ಟರೆ ಮತ್ತೆ ಚಿಗುರುವಂಥವು, ಬಿಳಿ ಬೇರುಗಳಿಗೆ ಇನ್ನೂ ಮಣ್ಣು ಅಂಟಿತ್ತು. ಅವನು ಎದ್ದು ಕಪಾಟಿನಿಂದ ಒಂದು ಬೆಳ್ಳಿ ಕಪ್ಪನ್ನು ತೆಗೆದು, ಮೂಲೆಯ ನಲ್ಲಿಯಲ್ಲಿ ಅರ್ಧ ನೀರು ತುಂಬಿಸಿ, ಬುಡಗಳನ್ನು ಒಂದೊಂದಾಗಿ ಅದರೊಳಗೆ ಇಳಿಸಿ, ಬಿಸಿಲು ಬೀಳುವ ಕಿಟಕಿಯಲ್ಲಿಟ್ಟ. ಆಮೇಲೆ ಕೈ ಒರೆಸಿಕೊಂಡು ಕುರ್ಚಿಗೆ ಬಂದು, ಹಿಲ್ಡಾಳ ಪೂರ್ತಿ ಹೆಸರು ಏನೆಂದು ಕೇಳಿದ.