ಹೊಸಬರಿಗೆ ಮಾತ್ರ

ಹೇಳಿಬಿಟ್ಟರೆ ಮುಗಿಯಿತು, ಹತ್ತು ನಿಮಿಷದ ಮಾತು. ಆ ಹತ್ತು ನಿಮಿಷದ ಮಾತಿಗೆ ಮಲ್ಲಿಕ್ ಚಳ್ಳಕೆರೆಯಿಂದ ನೇರ ರಸ್ತೆ ಬಿಟ್ಟು ನಾಯಕನಹಟ್ಟಿಯ ಮೇಲೆ ಸುತ್ತು ಹಾಕಿಕೊಂಡು ಹೊರಟಿದ್ದ. ವರವು ಕಾವಲಿನ ಹುಲ್ಲುಬಯಲಿಗೆ ಹಾಕಿದ ಬೇಲಿ ಕಾರಿನ ಪಕ್ಕದಲ್ಲೇ ಓಡುತ್ತಿತ್ತು, ಮುಗಿಯುವ ಲಕ್ಷಣ ಕಾಣಲಿಲ್ಲ. ಅದು ಬೇಗ ಮುಗಿಯುವುದು ಅವನಿಗೂ ಬೇಕಿರಲಿಲ್ಲ.

ಬೆಳಿಗ್ಗೆ ಮನೆ ಬಿಡುವಾಗ ಅಪ್ಪ ತೋಟಪ್ಪ ಎಣ್ಣೆ ಗಿರಣಿಗೆ ಹೋಗಲು ಚಪ್ಪಲಿ ಮೆಟ್ಟುತ್ತಿದ್ದರು.

"ಎತ್ಲಾಗೆ?"

"ಸಿದ್ದಾಪುರಕ್ಕೆ."

"ಹೊಲದ ಕಡೆಗಾ?"

"ಹ್ಞೂ."

ಹೊಲವೆಂದರೆ ಅಪ್ಪ ಮುಂದೆ ಕೇಳುವುದಿಲ್ಲ. ಸಿದ್ದಾಪುರದ ಹುಡುಗಿಯೊಬ್ಬಳ ಎದುರು ನಿಂತು ತಪ್ಪಾಯಿತು ಎನ್ನಲು ಹೋಗುತ್ತಿದ್ದೇನೆ ಎಂದು ಮೂವತ್ತೊಂಬತ್ತರ ಮಗ ಹೇಳುವುದಾದರೂ ಹೇಗೆ. ಗಿರಣಿ ತಲುಪುವಷ್ಟರಲ್ಲಿ ಆ ಸುದ್ದಿ ಕೈಕಾಲು ಮೂಡಿಸಿಕೊಂಡು ಬೇರೆಯೇ ಆಗಿರುತ್ತಿತ್ತು.

ತಪ್ಪು ಸಣ್ಣದು. ಸಣ್ಣದೆಂದು ಮೂರು ವಾರದಿಂದ ತನಗೆ ತಾನೇ ಹೇಳಿಕೊಳ್ಳುತ್ತಿದ್ದಾನೆ.

ಹಳ್ಳಿಯ ಗ್ರಂಥಾಲಯಗಳಿಗೆಂದು ಹತ್ತಾರು ಜನ ಸೇರಿ ಬರೆದ ಒಂದು ಮುಕ್ತ ತಂತ್ರಾಂಶವಿದೆ. ಅದು ಯಾರೊಬ್ಬರ ಸ್ವತ್ತೂ ಅಲ್ಲ. ಯಾರು ಬೇಕಾದರೂ ಬಿಚ್ಚಿ ನೋಡಬಹುದು, ಕೆಟ್ಟದ್ದನ್ನು ಸರಿಮಾಡಿ ಕಳಿಸಬಹುದು. ಹಳಬರು ಒಪ್ಪಿದರೆ ಕಳಿಸಿದವರ ಹೆಸರಿನಲ್ಲೇ ಸೇರುತ್ತದೆ. ಹನ್ನೆರಡು ವರ್ಷದ ಹಿಂದೆ ಅದಕ್ಕೆ ತಳಪಾಯ ಹಾಕಿದವರಲ್ಲಿ ಮಲ್ಲಿಕ್ ಒಬ್ಬ. ಆ ತಳಪಾಯವನ್ನು ಎಲ್ಲೆಲ್ಲಿಯೋ ಇರುವ ಇಪ್ಪತ್ತರ ಹುಡುಗರು ಕಿತ್ತು ಬೇರೆ ಹಾಕಿ ಐದು ವರ್ಷವಾಯಿತು. ಹಾಗೆಂದು ಅವನನ್ನು ಯಾರೂ ಹೊರಗೆ ಹಾಕಲಿಲ್ಲ. ಮಾರ್ಗದರ್ಶಕ ಎಂದು ಕರೆದರು. ಉಳಲಾರದ ಎತ್ತಿನ ಕೋಡಿಗೆ ಹಿತ್ತಾಳೆಯ ಅಣಸು ತೊಡಿಸಿ ಬಾಗಿಲಲ್ಲಿ ಕಟ್ಟಿದ ಹಾಗೆ.

ವಾರಕ್ಕೆರಡು ದಿನ ಪಾಠಕ್ಕೆ ಹೋಗುವ ಕಾಲೇಜಿನಿಂದ ನಾಲ್ಕು ಮಕ್ಕಳನ್ನು ಸೇರಿಸಿಕೊಂಡು ಕೆಲಸ ಕಲಿಸುವುದು ಈಗ ಅವನ ಪಾಲಿನ ಹೊಣೆ. ಅಂಥವರಿಗೆಂದೇ ಸುಲಭದ ಕೆಲಸಗಳನ್ನು ತೆಗೆದಿಟ್ಟು, ಒಂದೊಂದಕ್ಕೂ 'ಹೊಸಬರಿಗೆ ಮಾತ್ರ' ಎಂದು ಚೀಟಿ ಹಚ್ಚಿರುತ್ತಾರೆ. ಅವನ್ನು ಹಳಬರು ಮುಟ್ಟುವುದಿಲ್ಲ. ಹಾಗೆಂದು ಎಲ್ಲೂ ಬರೆದಿಲ್ಲ. ಮುಟ್ಟುವುದಿಲ್ಲ, ಅಷ್ಟೇ.

ಬಿಸಿಎ ಕೊನೆಯ ವರ್ಷದ ಶಶಿರೇಖಾ ಅಂಥದ್ದೊಂದನ್ನು ಆರಿಸಿಕೊಂಡಿದ್ದಳು. ಹುಡುಕಿದ ಪುಸ್ತಕ ಗ್ರಂಥಾಲಯದಲ್ಲಿ ಇಲ್ಲದಿದ್ದರೆ ಪುಟ ಪೂರಾ ಖಾಲಿ ಬೀಳುತ್ತಿತ್ತು. ಅಲ್ಲಿ ಏನಾದರೊಂದು ಮಾತು ಬರುವಂತೆ ಮಾಡಬೇಕಿತ್ತು. "ಇದನ್ನ ನಾನು ಮಾಡ್ಲಾ ಸಾರ್?" ಎಂದಿದ್ದಳು. "ಮಾಡು" ಎಂದಿದ್ದ.

ಆಮೇಲೆ ಬಂತು ಆ ಭಾನುವಾರ. ಅವನು ಎರಡು ತಿಂಗಳು ಕೂತು ಬರೆದದ್ದನ್ನು ಪೋರ್ಚುಗಲ್ಲಿನ ಹುಡುಗನೊಬ್ಬ ಬಲು ವಿನಯದಿಂದ ಹಿಂದಿರುಗಿಸಿದ್ದ. ಕ್ರಮ ಸ್ವಲ್ಪ ಹಳೆಯದು, ಬೇಸರ ಮಾಡಿಕೊಳ್ಳಬೇಡಿ, ಎಂದು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಮಧ್ಯಾಹ್ನ ಉಂಡು ಬಂದು ಕೂತಾಗ ಆ ಖಾಲಿ ಪುಟದ ಕೆಲಸ ಕಣ್ಣಿಗೆ ಬಿತ್ತು. ನಲವತ್ತು ನಿಮಿಷ ಹಿಡಿಯಿತು. ತಾನೇ ಬರೆದ, ತಾನೇ ಒಪ್ಪಿದ, ತಾನೇ ಸೇರಿಸಿದ. ಏಳು ತಿಂಗಳ ಮೇಲೆ ತನ್ನ ಹೆಸರಿನಲ್ಲೊಂದು ಕೆಲಸ. ಎದ್ದು ಹೋಗಿ ಹೆಂಡತಿಗೆ ಕಾಫಿ ಮಾಡಿಕೊಟ್ಟ.

"ಏನ್ ವಿಶೇಷ?" ಎಂದಳು ಅವಳು.

"ಏನಿಲ್ಲ."

ನಿಜಕ್ಕೂ ಖುಷಿಯಾಗಿತ್ತು. ಈಗ ನೆನೆದರೆ ನಾಚಿಕೆಯಾಗುವುದು ಆ ಖುಷಿಗೇ.

ಎರಡು ದಿನಕ್ಕೆ ಶಶಿರೇಖಾಳ ಕೆಲಸ ಬಂತು. ಅವನು ಆ ಪುಟದಲ್ಲಿ ಬರೆಸಿದ್ದು ಒಂದೇ ಮಾತು: 'ಸಿಗಲಿಲ್ಲ'. ಅವಳು ಬರೆಸಿದ್ದು: 'ಈ ಪುಸ್ತಕ ಸದ್ಯ ನಮ್ಮಲ್ಲಿಲ್ಲ. ಬೇಕಿದ್ದರೆ ಹೆಸರು ಬರೆದಿಡಿ, ತರಿಸುತ್ತೇವೆ.' ಕೆಳಗೆ ಬರೆಯಲು ಜಾಗ. ಬರೆದದ್ದು ಗ್ರಂಥಪಾಲಕರಿಗೆ ತಲುಪುವ ಏರ್ಪಾಡು. ತನ್ನದಕ್ಕಿಂತ ಅದು ಎಷ್ಟೋ ಪಾಲು ಮೇಲು ಎಂದು ತಿಳಿಯಲು ಅವನಿಗೆ ಅರ್ಧ ನಿಮಿಷವೂ ಬೇಕಾಗಲಿಲ್ಲ. ಇದು ಈಗಾಗಲೇ ಆಗಿದೆ, ಧನ್ಯವಾದ, ಎಂದು ಬರೆದು ಅವಳದ್ದನ್ನು ಸೇರಿಸದೆ ಮುಚ್ಚಿದ. ಓಕೆ ಸಾರ್, ಥ್ಯಾಂಕ್ಯೂ ಸಾರ್, ಎಂದು ಉತ್ತರ ಬಂತು. ಅವಳಿಗೆ ಕೊಟ್ಟದ್ದು ಮರೆತೇ ಹೋಗಿತ್ತು ಎಂದು ಅಂದುಕೊಂಡ. ಮರೆತಿರಲಿಲ್ಲ.

ಅದು ಅಲ್ಲಿಗೇ ತಣ್ಣಗಾಗುತ್ತಿತ್ತೇನೋ. ನಿನ್ನೆ ಆ ತಂತ್ರಾಂಶ ಯೋಜನೆಯ ಸಂಚಾಲಕಿಯಿಂದ ಪತ್ರ ಬಂತು. ಪ್ರತಿಯೊಬ್ಬ ಮಾರ್ಗದರ್ಶಕ ತನ್ನ ಕೈಕೆಳಗೆ ಕಲಿಯುವವರಲ್ಲಿ ಒಬ್ಬರ ಹೆಸರನ್ನು ಶನಿವಾರ ಸಂಜೆ ಆರರೊಳಗೆ ಕಳಿಸಬೇಕು. ಆ ಒಬ್ಬರಿಗೆ ಮುಂದಿನ ಆರು ತಿಂಗಳು ಯೋಜನೆಯಲ್ಲೇ ಸಂಬಳದ ಕೆಲಸ. ಸ್ವಂತ ಹೆಸರಿನಲ್ಲಿ ಒಂದಾದರೂ ಕೆಲಸ ಸೇರಿರಬೇಕೆಂಬುದು ಒಂದೇ ಷರತ್ತು. ಶನಿವಾರ ಪಟ್ಟಿಯಾಗುತ್ತದೆ ಎಂದಷ್ಟೇ ಮಕ್ಕಳಿಗೆ ವಾರದ ಹಿಂದೆಯೇ ತಿಳಿಸಿದ್ದರು, ಹೆಸರು ಯಾರು ಬರೆಯುತ್ತಾರೆಂದು ತಿಳಿಸಿರಲಿಲ್ಲ. ನಾಲ್ವರಲ್ಲಿ ಇಬ್ಬರು ಆಗಲೇ ಬಿಟ್ಟು ಹೋಗಿದ್ದರು. ಉಳಿದವರಲ್ಲಿ ಪ್ರಭು ಸಹಾಯದ ಪುಟದಲ್ಲಿ ಒಂದು ವಾಕ್ಯ ತಿದ್ದಿದ್ದ, ಅದು ಸೇರಿತ್ತು. ಶಶಿರೇಖಾಳದ್ದು ಏನೂ ಸೇರಿರಲಿಲ್ಲ.

ಸರಿಮಾಡಲು ದಾರಿಯಿತ್ತು. ತನ್ನ ಕೆಲಸವನ್ನು ತೆಗೆದು ಅವಳದ್ದನ್ನು ಹಾಕಿದರಾಯಿತು. ಆದರೆ ತೆಗೆದದ್ದೂ ದಾಖಲೆಯಲ್ಲಿ ಉಳಿಯುತ್ತದೆ, ಯಾಕೆ ತೆಗೆದೆ ಎಂದು ಬರೆಯಬೇಕಾಗುತ್ತದೆ. ಹೊಸಬರ ಕೆಲಸ ಕದ್ದ ಮಾರ್ಗದರ್ಶಕ ಎಂದು ಪೋರ್ಚುಗಲ್ಲಿನ ಹುಡುಗನೂ ಓದುತ್ತಾನೆ. ವಿನಯದಿಂದ ಓದುತ್ತಾನೆ.

ಮೊದಲು ಅವಳಿಗೆ ಹೇಳುವುದು, ಆಮೇಲೆ ಮಿಕ್ಕದ್ದು ಎಂದು ತೀರ್ಮಾನಿಸಿ ಹೊರಟಿದ್ದ.

ಸಿದ್ದಾಪುರದಲ್ಲಿ ಶಶಿರೇಖಾಳ ಮನೆ ತೋರಿಸಿದವರು, ಹುಡುಗಿ ಗುಡ್ಡದ ಮೇಲಿರುತ್ತದೆ ಎಂದರು. ಊರಲ್ಲಿ ಸಿಗ್ನಲ್ ಸಿಗುವುದಿಲ್ಲ. ಶಾಸನದ ಬಂಡೆಗೆ ಕಟ್ಟಿದ ಮಂಟಪದ ಹತ್ತಿರ ಸಿಗುತ್ತದೆ. ಮಲ್ಲಿಕ್ ಏದುಸಿರು ಬಿಡುತ್ತ ಹತ್ತಿದ. ಮಂಟಪದ ಕಾವಲಿನ ಕಾಟಪ್ಪ ಬೀಡಿ ಆರಿಸಿ ಎದ್ದು ನಿಂತ.

"ಯಾರ್ ಬೇಕಿತ್ರಿ?"

"ಶಶಿರೇಖಾ. ನಾನು ಅವಳ ಮೇಷ್ಟ್ರು."

"ಓ, ನೀವೇನಾ. ಅಗಳ್ರಿ, ಆ ನೆರಳಾಗೈತೆ. ತಿಂಗಳಾತು ಸಾರ್, ಕಾಲೇಜಿನ ಕಂಪ್ಯೂಟ್ರು ಹೊತ್ಕೊಂಡು ದಿನಾ ಹತ್ತಿ ಬರ್ತೈತೆ. ಏನ್ಲೇ ತಾಯಿ ಅಂದ್ರೆ, ಖಾಲಿ ಪುಟ ಕಾಕಾ, ಅದ್ಕೆ ಮಾತು ಕಲಿಸ್ಬೇಕು ಅಂತೈತೆ. ಕಲೀತಾ ಸಾರ್ ಅದು?"

"ಕಲೀತು" ಎಂದ ಮಲ್ಲಿಕ್.

ಅವನನ್ನು ಕಂಡು ಶಶಿರೇಖಾ ಗಾಬರಿಯಿಂದ ಎದ್ದಳು. ಲ್ಯಾಪ್‌ಟಾಪನ್ನು ಎಲ್ಲಿಡಬೇಕೆಂದು ತೋಚದೆ ಎದೆಗೆ ಅವುಚಿಕೊಂಡಳು.

"ಸಾರ್, ನೀವಾ?"

"ಹೊಲದ ಕಡೆ ಬಂದಿದ್ದೆ. ಹಂಗೇ ನೋಡ್ಕೊಂಡು ಹೋಗೋಣ ಅಂತ."

"ಲಿಸ್ಟು ಇವತ್ತೇ ಅಲ್ವಾ ಸಾರ್?"

"ಹ್ಞೂ. ಸಂಜೆ."

ಅವಳು ತಲೆಯಾಡಿಸಿದಳು. ಕೆಳಗೆ ಬಂಡೆಗಳ ಸಂದಿನಲ್ಲಿ ಯಾರದೋ ಕುರಿಗಳು ಮೇಯುತ್ತಿದ್ದವು. ಈಗ ಹೇಳಬೇಕು ಎಂದುಕೊಂಡ. ವಾಕ್ಯ ಸಿದ್ಧವಾಗಿತ್ತು, ಕಾರಿನಲ್ಲಿ ಮೂರು ಸಲ ಗಟ್ಟಿಯಾಗಿ ಹೇಳಿ ನೋಡಿದ್ದ. ಅಷ್ಟರಲ್ಲಿ ಅವಳೇ ಬಾಯಿಬಿಟ್ಟಳು.

"ಸಾರ್, ಒಂದು ಕೇಳ್ಲಾ? ತಪ್ಪು ತಿಳ್ಕೋಬೇಡಿ."

"ಕೇಳು."

"ನಂದ್ರಲ್ಲಿ ಏನ್ ತಪ್ಪಿತ್ತು ಸಾರ್?"

ಸಿಟ್ಟಿದ್ದರೆ, ಒಂದು ಕೊಂಕಿದ್ದರೆ, ಅವನು ಹೇಳಿಬಿಡುತ್ತಿದ್ದ. ಅವಳು ಚೀಲದಿಂದ ನೋಟ್‌ಬುಕ್ ತೆಗೆದು ಪೆನ್ನು ಬಿಚ್ಚಿ ಕಾಯುತ್ತಿದ್ದಳು.

"ತಪ್ಪು ಅಂತಲ್ಲ" ಎಂದ. "ಪರೀಕ್ಷೆ ಬರೆದಿರಲಿಲ್ಲ ನೀನು. ಮಾಡಿದ್ದು ಸರಿಯಾಗಿ ಕೆಲಸ ಮಾಡುತ್ತೆ ಅಂತ ತೋರಿಸೋಕೆ ಸಣ್ಣ ಸಣ್ಣ ಪರೀಕ್ಷೆ ಬರೀಬೇಕು ಅಂತ ಹೇಳಿರಲಿಲ್ವಾ?"

"ಬರ್ದಿದ್ನಲ್ಲ ಸಾರ್. ಆರು ಬರ್ದಿದ್ದೆ. ಬೇರೆ ಕಡತದಾಗೆ ಐತೆ."

ಆ ಕಡತವನ್ನು ಅವನು ತೆರೆದೇ ಇರಲಿಲ್ಲ. ತನ್ನ ನಲವತ್ತು ನಿಮಿಷದ ಕೆಲಸಕ್ಕೆ ಅವನು ಒಂದೂ ಪರೀಕ್ಷೆ ಬರೆದಿರಲಿಲ್ಲ.

"ಆರು ಸಾಲಲ್ಲ."

"ಎಷ್ಟು ಬೇಕಿತ್ತು ಸಾರ್?"

"ಒಂಬತ್ತು."

ಅದು ಎಲ್ಲಿಂದ ಬಂತೋ ಅವನಿಗೇ ತಿಳಿಯಲಿಲ್ಲ. ಎಷ್ಟು ಸರಾಗವಾಗಿ ಬಂತೆಂದರೆ ಅರೆಗಳಿಗೆ ತಾನೇ ನಂಬಿದ. ಶಶಿರೇಖಾ ಬರೆದುಕೊಂಡಳು, ಅದರ ಕೆಳಗೆ ಎರಡು ಗೆರೆ ಎಳೆದಳು.

"ಗೊತ್ತಿರಲಿಲ್ಲ ಸಾರ್. ಯಾರೂ ಹೇಳ್ಕೊಟ್ಟಿರಲಿಲ್ಲ. ನಮ್ಮ ಜೂನಿಯರ್ಸ್‌ಗೂ ಹೇಳ್ತೀನಿ."

"ಹೇಳು" ಎಂದ.

ಇಬ್ಬರೂ ಕೆಳಗಿಳಿದಾಗ ಮೂರು ಗಂಟೆ ದಾಟಿತ್ತು. ಕಾರಿನ ಹತ್ತಿರವೇ ಅವಳ ಅವ್ವ ಗಂಗಲಕ್ಷ್ಮಿ ನಿಂತಿದ್ದಳು. ಮನೆಯವರೆಗೆ ಬಂದು ಬಾಗಿಲಿಂದ ಹಾಗೇ ಹೋಗುವುದುಂಟೇ ಎಂದು ಒಳಗೆ ಕರೆದು ಚಾಪೆ ಹಾಸಿದಳು. ಗಡಿಯ ಕಡೆಯ ಮನೆಗಳಲ್ಲಿ ಇರುವಂತೆ ಅವಳ ಕನ್ನಡದಲ್ಲಿ ತೆಲುಗಿನ ಎಳೆತವಿತ್ತು.

"ನೀವು ಚಳ್ಳಕೆರೆಯಾಗೆ ಯಾರ ಪೈಕಿ ಸಾರ್?"

"ಗಿರಣಿ ತೋಟಪ್ಪನವರ ಮಗ."

"ಹಂಗಾರೆ ರಸ್ತೆ ಮಗ್ಗುಲ ಕೆಂಪು ಹೊಲ ನಿಮ್ದೇ ಸಾಮಿ." ಸಾರ್ ಆಗಲೇ ಸಾಮಿಯಾಗಿತ್ತು. "ವರ್ಸಾ ವರ್ಸಾ ಅಲ್ಲಿ ಹಕ್ಕಲು ಆಯ್ತೀವಿ."

ಶೇಂಗಾ ಕಿತ್ತ ಮೇಲೆ ಮಣ್ಣಿನಲ್ಲಿ ಉಳಿದ ಕಾಯಿಯೇ ಹಕ್ಕಲು, ಆಯುವ ಬಡವರ ಪಾಲು. ಅದು ಮಲ್ಲಿಕ್‌ಗೆ ಗೊತ್ತಿತ್ತು.

"ನಿಮ್ಮಪ್ಪೋರು ಧರ್ಮವಂತ್ರು. ಕಾಯಿ ಕಿತ್ತು ಗಾಡಿ ತುಂಬಿದ್ರೆ ಮುಗೀತು, ತಿರುಗಿ ಆ ಹೊಲಕ್ಕೆ ಕಾಲಿಕ್ಕಲ್ಲ. ಕೆಲವ್ರು ಅದನ್ನೂ ಬಿಡಾಕಿಲ್ಲ ಸಾಮಿ, ಆಳಿಟ್ಟು ಆರಿಸ್ಕೋತಾರೆ. ಹಕ್ಕಲಿಗೆ ಹೊಲದೋರೇ ಕೈ ಹಾಕಿದ್ರೆ ಚೆಂದಾನಾ, ನೀವೇ ಹೇಳಿ."

"ತಪ್ಪು" ಎಂದ ಮಲ್ಲಿಕ್. "ಹಂಗೆ ಮಾಡಬಾರದು."

ಗಂಗಲಕ್ಷ್ಮಿ ಅವನ ಎದುರು ಕೂತಳು. ದನಿ ತಗ್ಗಿಸಿದಳು.

"ಲಿಸ್ಟ್‌ನಾಗೆ ನಮ್ಮುಡುಗಿ ಹೆಸ್ರು ಬರ್ತೈತಾ ಸಾಮಿ? ಸೋಮಾರ ಇವಳ ಮಾವ ಬರ್ತಾನೆ. ಬಳ್ಳಾರ್‍ಯಾಗೆ ಜೀನ್ಸ್ ಪ್ಯಾಂಟು ಹೊಲಿಯೋ ಕೆಲ್ಸ ಮಾತಾಡ್ಯಾನೆ. ಶನಿವಾರ ತನಕ ತಡಿಯವ್ವ ಅಂತ ಇವಳೇ ನಿಲ್ಸೈತೆ. ಬಂದ್ರೆ ಇಲ್ಲೇ ಇರ್ತೈತೆ. ಬರ್ದಿದ್ರೆ ಹೋಗ್ತೈತೆ. ಒಂದು ಮಾತು ಹೇಳ್ಬಿಡಿ."

"ಸಂಜೆ ಗೊತ್ತಾಗುತ್ತೆ."

"ಯಾರು ಬರಿಯೋದು ಅದನ್ನ?"

"ಮೇಲಿನೋರು."

"ನೀವೊಂದು ಮಾತು ಹೇಳಾಕಾಗಲ್ವಾ?"

"ನೋಡ್ತೀನಮ್ಮ."

ಶಶಿರೇಖಾ ಗೋಡೆಗೆ ಒರಗಿ ನಿಂತು ಕಾಲಿನ ಉಗುರು ನೋಡುತ್ತಿದ್ದಳು. "ಸುಮ್ನಿರವ್ವ" ಎಂದಳು. "ನಂದ್ರಲ್ಲೇ ಕಮ್ಮಿ ಇತ್ತು. ಸಾರ್ ಏನ್ ಮಾಡ್ತಾರೆ."

ಎದ್ದುಬಿಡಬೇಕು ಎನಿಸಿತು ಅವನಿಗೆ. ಹೀಗೆ ಕೂತಿರುವುದಕ್ಕಿಂತ ಗುಡ್ಡ ಹತ್ತಿ, ಸಿಗ್ನಲ್ ಹಿಡಿದು, ತಲೆ ತಗ್ಗಿಸಿ ನಾಲ್ಕು ಸಾಲು ಬರೆದುಬಿಡುವುದು ಸುಲಭ. ಆರಕ್ಕೆ ಇನ್ನೂ ಎರಡೂವರೆ ತಾಸಿತ್ತು. ಆ ಎರಡೂವರೆ ತಾಸೇ ಅವನಿಗೆ ಹೆದರಿಕೆ ಹುಟ್ಟಿಸಿತು. ಸಮಯ ಮುಗಿದೇಹೋಗಿದ್ದರೆ ಎಷ್ಟು ನೆಮ್ಮದಿ.

"ಊಟದ ಹೊತ್ತು ಮೀರೈತೆ. ಒಂದು ತುತ್ತು ಉಂಡು ಏಳ್ರಿ" ಎಂದು ಗಂಗಲಕ್ಷ್ಮಿ ಒಲೆಯ ಹತ್ತಿರ ಹೋದಳು. ಪಾತ್ರೆಯ ಮುಚ್ಚಳ ತೆಗೆದು ಮಗಳನ್ನು ನೋಡಿದಳು. ಮೆಲ್ಲಗೆ ತೆಲುಗಿನಲ್ಲಿ, ಒಂದೇ ಮುದ್ದೆ ಉಳಿದಿದೆ, ನಿನ್ನ ಪಾಲಿನದು, ಎಂದಳು. ಬೆಳಿಗ್ಗೆಯಿಂದ ನೀನೇನೂ ಉಂಡಿಲ್ಲ, ಎಂದೂ ಸೇರಿಸಿದಳು. ಸಾರ್‌ಗೆ ಇಡವ್ವ, ನನಗೆ ಹಸಿವಿಲ್ಲ, ಎಂದಳು ಮಗಳು, ಅದೂ ತೆಲುಗಿನಲ್ಲಿ.

ಪೇಟೆಯ ಮೇಷ್ಟ್ರಿಗೆ ತೆಲುಗು ಬಾರದೆಂದು ಅವರು ತಿಳಿದಿದ್ದರು. ಮಲ್ಲಿಕ್ ಗಿರಣಿಯ ಹಮಾಲರ ನಡುವೆ ಬೆಳೆದವನು. ಒಂದೊಂದು ಮಾತೂ ಅವನಿಗೆ ತಿಳಿಯಿತು.

ಬೇಡ ಎನ್ನಬಹುದಿತ್ತು. ಆದರೆ ಲಿಂಗವಂತರ ಮನೆಯವನು ಇಂಥವರ ಮನೆಯಲ್ಲಿ ಬೇಡವೆಂದರೆ ಅದಕ್ಕೆ ಬೇರೆ ಅರ್ಥ ಬರುವುದಿಲ್ಲವೇ? ಉಣ್ಣುವುದೇ ದೊಡ್ಡತನ. ಈ ಕಾರಣ ಹೊಳೆದದ್ದೇ ಅವನಿಗೆ ಹಾಯೆನಿಸಿತು. ಚಕ್ಕಳಮಕ್ಕಳ ಹಾಕಿ ಕೂತ. ಶಶಿರೇಖಾ ಚೊಂಬಿನಲ್ಲಿ ನೀರು ತಂದು ಕೈಗೆ ಹಾಕಿದಳು.

"ನೀನು?" ಎಂದ.

"ನಂದಾಯ್ತು ಸಾರ್."

ತಟ್ಟೆ ಬಂತು. ಮುದ್ದೆ ಇನ್ನೂ ಬೆಚ್ಚಗಿತ್ತು. ಹುರುಳಿ ಸಾರು ಹದವಾಗಿ ಹುಳಿಯಾಗಿತ್ತು. ಅವನಿಗೆ ನಿಜವಾಗಿಯೂ ಹಸಿವಾಗಿತ್ತು, ಅದು ಅವನಿಗೆ ನಾಚಿಕೆ ತಂದಿತು, ಆದರೂ ಕೈ ನಿಲ್ಲಲಿಲ್ಲ. ಅರ್ಧ ಮುಗಿದಾಗ ತಲೆಯೆತ್ತಿದ. ಹುಡುಗಿ ಚೊಂಬು ಹಿಡಿದು ಎದುರಿಗೇ ನಿಂತಿದ್ದಳು. ಅವಳ ಕಣ್ಣು ತಟ್ಟೆಯ ಮೇಲಿತ್ತು. ಅವನು ನೋಡಿದ್ದು ತಿಳಿದು ಕಣ್ಣು ಹೊರಳಿಸಿ ನಕ್ಕಳು.

"ಸಾರು ಹಾಕ್ಲಾ ಸಾಮಿ?" ಗಂಗಲಕ್ಷ್ಮಿ ಪಾತ್ರೆ ಹಿಡಿದು ಬಂದಳು.

ತಟ್ಟೆಯ ಮೇಲೆ ಅಂಗೈ ಅಡ್ಡ ಹಿಡಿದರಾಗಿತ್ತು. ಬಾಯಿಬಿಟ್ಟು ಏನೂ ಹೇಳಬೇಕಾಗಿರಲಿಲ್ಲ.

"ಹಾಕವ್ವ" ಎಂದಳು ಶಶಿರೇಖಾ. "ಸಾರ್ ಸಂಕೋಚ ಮಾಡ್ಕೋತಾರೆ."

ಗಂಗಲಕ್ಷ್ಮಿ ಪಾತ್ರೆಯನ್ನು ಓರೆ ಮಾಡಿದಳು. ಸೌಟು ತಳ ಕೆರೆದ ಸದ್ದು ಆ ಸಣ್ಣ ಮನೆಯಲ್ಲಿ ಎಲ್ಲರಿಗೂ ಕೇಳಿಸಿತು. ಮಲ್ಲಿಕ್ ಕೈ ಅಡ್ಡ ಹಿಡಿಯಲಿಲ್ಲ. ತಟ್ಟೆಯನ್ನು ಒಂದಿಷ್ಟು ಮುಂದಕ್ಕೆ ಸರಿಸಿದ. ಮಿಕ್ಕ ಮುದ್ದೆಯನ್ನು ಮುರಿದು, ಸಾರಿನಲ್ಲಿ ಹೊರಳಿಸಿ, ಅಗಿಯದೆ ನುಂಗಿದ.