ಪರದೆಯಾಚೆಗೆ ಹೋದ ಮಾತು

ಕೊರಿಯಾದ ಆ ಸಣ್ಣ ನಗರದ ವಾದ್ಯವೃಂದದಲ್ಲಿ ಎರಡು ವರ್ಷಕ್ಕೊಮ್ಮೆ ಪ್ರತಿಯೊಬ್ಬರೂ ಪರದೆಯ ಹಿಂದೆ ಕುಳಿತು ನುಡಿಸಿ ತಮ್ಮ ಕುರ್ಚಿಯನ್ನು ಮತ್ತೆ ಗೆದ್ದುಕೊಳ್ಳಬೇಕು. ನುಡಿಸುವವರು ಯಾರೆಂದು ತೀರ್ಪುಗಾರರಿಗೆ ತಿಳಿಯಬಾರದು; ಬಾಯಿಂದ ಒಂದು ಮಾತು ಹೊರಟರೂ ಅಂಕ ಸೊನ್ನೆ. ಹತ್ತೊಂಬತ್ತು ವರ್ಷದಿಂದ ಎರಡು ತಂತಿಯ ಹೇಗಮ್ ನುಡಿಸುತ್ತಿದ್ದ ಗುಮ್‌ರಾನ್ ಕಳೆದ ಸಲ ಭುಜದ ನೋವಿನಿಂದ ನಪಾಸಾಗಿದ್ದಳು. ಒಂದು ಸಲಕ್ಕೆ ಕ್ಷಮೆಯುಂಟು; ಈ ಸಲವೂ ಹಾಗಾದರೆ ಕೆಲಸ ಹೋದಂತೆಯೇ.

ಪರೀಕ್ಷೆಯ ಹಿಂದಿನ ದಿನವೇ ಮ್ಯಾನೇಜರ್ ಟಾಕ್ ಎಲ್ಲರನ್ನೂ ಸಭಾಂಗಣದಲ್ಲಿ ಕೂಡಿಹಾಕಿ 'ಕಲಾವಿದರ ಸಮತೋಲನದ ಬದುಕು' ಎಂಬ ಉಪನ್ಯಾಸ ಏರ್ಪಡಿಸಿದ. ಜನ್ಮದಲ್ಲಿ ತಂತಿ ಮುಟ್ಟದ ಪುಣ್ಯಾತ್ಮನೊಬ್ಬ ನಾಲ್ಕು ಗಂಟೆ ಉಸಿರಾಡುವುದನ್ನು ಕಲಿಸಿದ. ಕೊಳಲಿನವರು ಅದುವರೆಗೆ ಉಸಿರೇ ಆಡದವರಂತೆ ತಲೆದೂಗಿದರು.

"ಅಕ್ಕಾ, ಅಭ್ಯಾಸ ಮಾಡೋದ್ಯಾವಾಗ?" ಪಕ್ಕದ ಸೋಲ್‌ಹೀ ಪಿಸುಗುಟ್ಟಿದಳು.

"ಸುಮ್ನಿರೆ. ಈಗ ನಾವೆಲ್ಲ ನೆಮ್ಮದಿಯಾಗಿದ್ದೀವಂತೆ," ಎಂದಳು ಗುಮ್‌ರಾನ್.

ಮರುದಿನ ಅವಳು ಹೆಜ್ಜೆಯ ಸಪ್ಪಳವಾಗದಂತೆ ಬರೀ ಕಾಲುಚೀಲದಲ್ಲಿ ಹೋಗಿ ಕುಳಿತಳು. ಭುಜ ಅವಳು ಹೇಳಿದಂತೆ ಕೇಳಿತು. ನಿಧಾನದ ಭಾಗ ತಾನಾಗಿಯೇ ಬಿಚ್ಚಿಕೊಂಡಿತು, ವೇಗದ ಭಾಗದಲ್ಲಿ ಒಂದು ಸ್ವರವೂ ಜಾರಲಿಲ್ಲ. ಇಷ್ಟು ಚೆನ್ನಾಗಿ ಅವಳು ಎಷ್ಟೋ ವರ್ಷಗಳಿಂದ ನುಡಿಸಿರಲಿಲ್ಲ. ಕಮಾನು ಇಳಿಸಿ, ಎದ್ದು, ಪರದೆಗೆ ತಲೆಬಾಗಿದಳು. ಕೆಲಸ ಮುಗಿಸಿ ಏಳುವಾಗ ಆ ನಾಡಿನಲ್ಲಿ ಯಾರೂ ಹೇಳದೆ ಬಿಡದ ಮಾತು ತಡೆಯುವ ಮೊದಲೇ ಬಾಯಿಂದ ಬಿದ್ದುಹೋಯಿತು:

"ಎಲ್ರಿಗೂ ತುಂಬಾ ಶ್ರಮವಾಯ್ತು."

"ನಿಮಗೂ ಶ್ರಮವಾಯ್ತಮ್ಮ!" ಪರದೆಯಾಚೆಯಿಂದ ಮೂರು ಗಂಡು ದನಿಗಳು ಅಷ್ಟೇ ಸಲೀಸಾಗಿ ಉತ್ತರಿಸಿದವು.

ಟಾಕ್ ಓಡಿಬಂದ. "ಏನ್ರೀ ಇದು, ಮಾತಾಡೇಬಿಟ್ರಲ್ಲ! ಸೊನ್ನೆ."

"ಅವರೂ ಮಾತಾಡಿದ್ರಲ್ಲ, ಸಾಹೇಬ್ರೆ?"

"ಅವರು ಹಿರಿಯರು. ಮರ್ಯಾದೆಗೆ ಉತ್ತರ ಕೊಟ್ರು."

"ನಾನು ಬೈದೆನಾ?"

ಉತ್ತರಕ್ಕೆ ಕಾಯದೆ ಗುಮ್‌ರಾನ್ ಪರದೆಯನ್ನು ಸರಿಸಿದಳು. ಮೂವರು ಹಿರಿಯರೂ ಒಟ್ಟಿಗೆ ಚಹಾದ ಬಟ್ಟಲಿನೊಳಗೆ ಇಣುಕತೊಡಗಿದರು, ನಿಯಮಾವಳಿ ಅದರ ತಳದಲ್ಲೇ ಇದೆಯೇನೋ ಎಂಬಂತೆ.

"ನುಡಿಸಿದ್ದು ಹೇಗಿತ್ತು? ಒಬ್ರಾದ್ರೂ ಹೇಳಿ."

ನಡುವೆ ಕುಳಿತಿದ್ದ ಹಿರಿಯನು ಟಾಕ್‌ನ ಮುಖ ನೋಡಿದ. "ಏನ್ ಹೇಳ್ಲಮ್ಮ. ಅದ್ಭುತವಾಗಿತ್ತು."

ಅವನ ಮುಂದಿನ ಹಾಳೆಯಲ್ಲಿ ತೊಂಬತ್ತಾರು ಎಂದು ಆಗಲೇ ಬರೆದಿತ್ತು. ಅವನು ಅಳತೆಪಟ್ಟಿ ಕೇಳಿ ಪಡೆದು, ಆ ಅಂಕದ ಮೇಲೆ ಎರಡು ಗೆರೆ ಎಳೆದು, ಪಕ್ಕದಲ್ಲಿ ಸೊನ್ನೆ ಬರೆದು, ತಿದ್ದಿದ್ದು ತಾನೇ ಎಂಬುದಕ್ಕೆ ತನ್ನ ಮೊಹರು ಒತ್ತಿದ. ಗೆರೆಗಳು ಕೂದಲೆಳೆಯಷ್ಟೂ ಸೊಟ್ಟಗಿರಲಿಲ್ಲ.