ಕ್ರಿಸ್ಟೀನಾಳ ತಲೆಯ ಮೇಲಿಟ್ಟ ಕೈ

ಬೋನಿಫಾಸ್ ಲುಸಾಂಗು ಮೂರು ಸಲ ಮಂತ್ರಿಯಾದವನು, ನಾಲ್ಕು ಪಕ್ಷ ಸುತ್ತಿ ಬಂದವನು. ಮಾತು ಬದಲಿಸುವುದರಲ್ಲಿ ಇಡೀ ಕಾಂಗೋದಲ್ಲಿ ಇವನನ್ನು ಮೀರಿಸುವವರಿಲ್ಲ ಎಂದು ಅವನ ಗೆಳೆಯರೇ ನಗುತ್ತಿದ್ದರು. ಆದರೂ ಒಂದು ಮಾತನ್ನು ಅವನು ಇಪ್ಪತ್ತೊಂಬತ್ತು ವರ್ಷ ಉಳಿಸಿಕೊಂಡಿದ್ದ. ತನ್ನ ಬಲಗೈಯನ್ನು ಯಾರ ತಲೆಯ ಮೇಲೂ ಇಡುವುದಿಲ್ಲ ಎಂಬ ಮಾತು.

ಅದು ಮನೆತನದ ವಿಷಯ. ಬಿಳಿಯರ ಕಾಲದಲ್ಲಿ ಜೈಲಿನಲ್ಲೇ ತೀರಿಹೋದ ಅವನಜ್ಜ ಕಟ್ಟಿದ ಕ್ರೈಸ್ತ ಸಭೆಗೆ ಈಗ ಲಕ್ಷಗಟ್ಟಲೆ ಭಕ್ತರು. ಅಲ್ಲಿ ತಲೆ ಮುಟ್ಟಿ ಹರಸುವ ಹಕ್ಕು ಅಜ್ಜನ ಪೀಠದಲ್ಲಿ ಕೂತ ಒಬ್ಬರಿಗೆ ಮಾತ್ರ. ಅಪ್ಪ ಸಾಯುವಾಗ ಪೀಠವನ್ನು ಹಿರಿಮಗ ಅಂಬ್ರೋಸನಿಗೆ ಕೊಟ್ಟು, ಕಿರಿಯವನಿಂದ ಈ ಮಾತು ತೆಗೆದುಕೊಂಡಿದ್ದರು. ಇವನು ಒಂದು ತಲೆ ಮುಟ್ಟಿದರೆ ಪೀಠಕ್ಕೇ ಕೈ ಹಾಕಿದ ಹಾಗೆ, ಭಕ್ತರು ಎರಡು ಪಾಲಾದ ಹಾಗೆ. ಚುನಾವಣೆಯಲ್ಲಿ ತಾಯಂದಿರು ಕೂಸುಗಳನ್ನು ಮುಂದಕ್ಕೆ ಚಾಚಿದರೆ ಬೋನಿಫಾಸ್ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಿದ್ದ. ವಿರೋಧಿಗಳು ಅದನ್ನೂ ಆಡಿಕೊಂಡರು. ಆಡಿಕೊಳ್ಳಲಿ ಬಿಡಿ, ಅಣ್ಣ ನಂಬುತ್ತಾನಲ್ಲ, ಅವನಿಗೆ ಅಷ್ಟು ಸಾಕಿತ್ತು.

ಬಂಡುಕೋರರ ಜೊತೆ ಸಂಧಾನ ಮಾಡಲು ಸರಕಾರ ಅವನನ್ನು ದೋಹಾಕ್ಕೆ ಕಳಿಸಿತ್ತು. ಹದಿನೇಳು ದಿನದಿಂದ ಒಂದೇ ವಾಕ್ಯದ ಮೇಲೆ ಎಳೆದಾಟ. ದೋಹಾ ಪಕ್ಕದ ಲುಸೈಲ್‌ನ ಹೋಟೆಲಿನಲ್ಲಿ ಅವನ ಬೇಕುಬೇಡ ನೋಡಿಕೊಳ್ಳುತ್ತಿದ್ದವನು ಮಂಗಳೂರಿನ ಡ್ಯಾರೆಲ್. ಮೊದಲು ಎಂಟು ವರ್ಷ ಕಿನ್ಶಾಸಾದ ಸೂಪರ್ ಮಾರ್ಕೆಟೊಂದರಲ್ಲಿ ದುಡಿದವನಾದ್ದರಿಂದ ಫ್ರೆಂಚ್ ಅವನಿಗೆ ನೀರು ಕುಡಿದಷ್ಟು ಸಲೀಸು.

"ಶುಕ್ರವಾರ ಚರ್ಚಿನಲ್ಲಿ ಮಗಳ ಮೊದಲ ಪರಮಪ್ರಸಾದ ಸರ್. ನಮ್ಮಲ್ಲಿಗೆ ಊಟಕ್ಕೆ ಬನ್ನಿ. ಹೋಟೆಲಿನ ಊಟ ತಿಂದು ತಿಂದು ನಾಲಿಗೆ ಸತ್ತಿರ್ಬೇಕಲ್ವಾ ನಿಮ್ಮದು?" ಎಂದ ಡ್ಯಾರೆಲ್. ಸತ್ತಿದ್ದು ನಿಜವೇ. ಬೋನಿಫಾಸ್ ಒಪ್ಪಿದ.

ದೋಹಾದ ನಜ್ಮಾ ಬಡಾವಣೆಯಲ್ಲಿದ್ದ ಡ್ಯಾರೆಲನ ಪುಟ್ಟ ಫ್ಲ್ಯಾಟಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಇಗರ್ಜಿಯಿಂದ ಬಂದ ನೆಂಟರು, ಮಹಡಿ ಮೇಲಿನವರು, ಎದುರು ಮನೆಯ ವಿಟ್ಲದ ಸಾಬಿತ್, ಅವನ ಹೆಂಡತಿ ನಶೀದಾ. ಬಿಳಿ ಫ್ರಾಕು ತೊಟ್ಟ ಎಂಟು ವರ್ಷದ ಕ್ರಿಸ್ಟೀನಾ ಒಬ್ಬೊಬ್ಬ ಹಿರಿಯರ ಮುಂದೆಯೂ ಮೊಣಕಾಲೂರಿ, ಕೈ ಮುಗಿದು, "ಬೆಸಾಂವ್ ದಿ" ಎನ್ನುತ್ತಿದ್ದಳು. ಆಶೀರ್ವಾದ ಕೊಡಿ ಎಂದು ಕೇಳುವ ಕೊಂಕಣಿ ಕ್ರೈಸ್ತರ ಪದ್ಧತಿ ಅದು. ಸಾಬಿತ್ ಕೂಡ ಅವಳ ತಲೆ ಸವರಿ, "ಒಳ್ಳೇದಾಗ್ಲಿ ಮಗಳೇ, ಚಂದ ಮಾಡಿ ಓದು. ಯಲ್ಲಾ, ಬೇಗ ಬಡಿಸಿ, ನಂಗೆ ಹಸಿವಾಗ್ತದೆ!" ಎಂದ. ಎಲ್ಲರೂ ಗೊಳ್ಳೆಂದು ನಕ್ಕರು.

ಬೋನಿಫಾಸನಿಗೆ ತಲೆ ತಿರುಗಿತು. ತಮ್ಮಲ್ಲಿ ಒಬ್ಬನಿಗೆ ಮಾತ್ರ ಇರುವ ಹಕ್ಕು ಇಲ್ಲಿ ಮಹಡಿ ಮೇಲಿನವರಿಗೆಲ್ಲ ಇದೆಯೇ? ಅಯ್ಯೋ, ಬೇರೆ ಸಭೆಯವನಿಗೂ, ಬೇರೆ ಧರ್ಮದವನಿಗೂ? ಯೋಚನೆ ಮುಗಿಯುವ ಮೊದಲೇ ಹುಡುಗಿ ಅವನ ಕಾಲಬುಡದಲ್ಲಿ ಕೂತಿದ್ದಳು. ಕೈಗಳು ರೂಢಿಯಂತೆ ಬೆನ್ನ ಹಿಂದೆ ಹೋದವು. ಅವಳು ಕಾದಳು. ಮನೆಮಂದಿಯೆಲ್ಲ ಕಾದರು.

"ಎಂತ ಇಲ್ಲ ಸರ್, ತಲೆ ಮೇಲೆ ಕೈ ಇಟ್ಟು ದೇವರು ಒಳ್ಳೇದು ಮಾಡ್ಲಿ ಅಂದ್ರೆ ಆಯ್ತು" ಎಂದ ಡ್ಯಾರೆಲ್. ಹುಡುಗಿಯ ಮುಖ ಸಣ್ಣಗಾಗತೊಡಗಿತು. ತಾನೇನು ತಪ್ಪು ಮಾಡಿದೆ ಎಂಬಂತೆ ಅಪ್ಪನತ್ತ ನೋಡಿದಳು. ಅದನ್ನು ಬೋನಿಫಾಸನಿಗೆ ತಡೆಯಲಾಗಲಿಲ್ಲ. ಕೈ ಇಟ್ಟ. ಇಟ್ಟಿದ್ದಷ್ಟೇ ಅಲ್ಲ, ಅಪ್ಪ ಪೀಠದಲ್ಲಿ ಕೂತು ಹೇಳುತ್ತಿದ್ದ ಆಶೀರ್ವಾದದ ಮಾತು ಅಷ್ಟುದ್ದಕ್ಕೂ ಒಂದಕ್ಷರ ತಪ್ಪದೆ ತಾನಾಗಿ ಬಾಯಿಂದ ಬಂತು. ಅದು ತನಗೆ ಬರುತ್ತದೆಂದೇ ಅವನಿಗೆ ಗೊತ್ತಿರಲಿಲ್ಲ.

ಡ್ಯಾರೆಲ್ ಖುಷಿಯಿಂದ ಫೋಟೊ ತೆಗೆದು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿಬಿಟ್ಟ. ಅವನ ಫೋನಿನಲ್ಲಿ ಕಿನ್ಶಾಸಾದ ಹಳೆಯ ಕೆಲಸಗಾರರ ನಂಬರುಗಳಿದ್ದವು. ಅವರಲ್ಲಿ ಅರ್ಧ ಜನ ಬೋನಿಫಾಸನ ಅಜ್ಜನ ಸಭೆಯ ಭಕ್ತರು.

ಸಂಜೆ ಐದಕ್ಕೆ ಹೋಟೆಲು ತಲುಪುವಷ್ಟರಲ್ಲಿ ಬೋನಿಫಾಸನ ಫೋನಿಗೆ ಅರವತ್ತು ಕರೆ ಬಂದಿದ್ದವು. ಕೆಲವರು ದ್ರೋಹಿ ಎಂದು ಉಗಿದಿದ್ದರು. ಕೆಲವರು ಹೊಸ ಪೀಠಾಧಿಪತಿಗೆ ಜಯವಾಗಲಿ ಎಂದು ಅತ್ತಿದ್ದರು. ಪಕ್ಷದವರು, ಅದೊಂದು ಭಾರತೀಯ ಶಿಷ್ಟಾಚಾರ ಎಂದು ಎರಡು ಸಾಲು ಹೇಳಿಕೆ ಕೊಡಿ ಎಂದರು. ಅಣ್ಣನ ಕರೆ ಮಾತ್ರ ಇರಲಿಲ್ಲ.

ವಿಷಯ ತಿಳಿದು ಡ್ಯಾರೆಲ್ ಕೋಣೆಗೆ ಓಡಿಬಂದ. "ತಪ್ಪಾಯ್ತು ಸರ್. ಸ್ಟೇಟಸ್ಸಿನಿಂದ ಫೋಟೊ ಅಳಿಸಿಬಿಟ್ಟಿದ್ದೇನೆ. ನಮ್ಮಲ್ಲಿ ಅದು ನಮಸ್ಕಾರದ ಹಾಗೆ ಅಂತ ನಾನೇ ಬರೆದುಕೊಡ್ತೇನೆ. ಖಲಾಸ್, ಮುಗೀತದೆ."

"ನಿಮಗೆ ಹಾಗೆ. ನನಗೆ ಹಾಗಿತ್ತಾ ಅಂತ ನನಗೇ ಗೊತ್ತಾಗ್ತಾ ಇಲ್ಲವಲ್ಲ!" ಎಂದು ಬೋನಿಫಾಸ್ ರೇಗಿದ. ಸುಮ್ಮನೆ ಮಾಡಿದ್ದಾದರೆ ಅಪ್ಪನ ಮಾತು ಯಾಕೆ ಬಂತು? ಬೇಕೆಂದೇ ಮಾಡಿದ್ದಾದರೆ ಇಪ್ಪತ್ತೊಂಬತ್ತು ವರ್ಷ ಎಲ್ಲಿತ್ತು ಆ ಬೇಕು? ಯಾವುದನ್ನು ಹೇಳಿದರೆ ಸುಳ್ಳು ಎಂದೇ ಅವನಿಗೆ ಬಗೆಹರಿಯಲಿಲ್ಲ.

ಕೊನೆಗೆ ತಾನೇ ಅಣ್ಣನಿಗೆ ವಿಡಿಯೊ ಕರೆ ಮಾಡಿದ. ಅಂಬ್ರೋಸ್ ಕುರ್ಚಿಯಲ್ಲಿ ಒರಗಿದ್ದ. ತುಂಬಾ ಇಳಿದುಹೋಗಿದ್ದ.

"ಅಣ್ಣಾ, ಮಗು ಕೇಳಿತು. ಇಲ್ಲಿ ಎಲ್ಲರೂ..."

"ಯಾವ ಮಾತು ಹೇಳಿದೆ?"

"ಅಪ್ಪನದ್ದು."

"ಪೂರ್ತಿ ಬಂತಾ?"

"ಬಂತು. ಹೇಗೆ ಬಂತೋ ಗೊತ್ತಿಲ್ಲ. ಆಣೆ ಮಾಡಿ ಹೇಳ್ತೇನೆ, ಪೀಠದ ಆಸೆ ನನಗಿಲ್ಲ."

ಅಣ್ಣ ಎಡಗೈಯಿಂದ ತನ್ನ ಬಲಗೈಯನ್ನು ಹಿಡಿದೆತ್ತಿ ಪರದೆಗೆ ತೋರಿಸಿದ. ಬಿಟ್ಟ ಕೂಡಲೇ ಅದು ತೊಡೆಯ ಮೇಲೆ ಬಿತ್ತು.

"ಎರಡು ತಿಂಗಳಾಯ್ತು. ಯಾರಿಗೂ ಹೇಳಿಲ್ಲ. ಕೈ ಹೋದದ್ದಲ್ಲದೆ ಆ ಮಾತೂ ಅರ್ಧಕ್ಕೇ ಮರೆತುಹೋಗ್ತದೆ. ನೀನು ಬಾ ಬೋನಿ. ಬಂದು ಪೀಠದಲ್ಲಿ ಕೂತರೆ ಮತ್ತೆ ರಾಜಕೀಯ ಇಲ್ಲ, ದೋಹಾನೂ ಇಲ್ಲ. ಅದು ಆಮೇಲಿನ ಮಾತು. ಈಗ ಆ ಮಗುವಿಗೆ ಹೇಳಿದ್ದನ್ನ ನನಗೂ ಒಂದು ಸಲ ಹೇಳು."

ಹಾಗೆಂದು ಅಣ್ಣ ಟೊಪ್ಪಿ ತೆಗೆದು ತಲೆ ಬಗ್ಗಿಸಿದ. ನೆರೆತ ತಲೆಯೊಂದೇ ಪರದೆಯ ತುಂಬ ಉಳಿಯಿತು. ಬೋನಿಫಾಸ್ ಬಾಯಿ ತೆರೆದ. ಮೊದಲ ಪದ ಯಾವುದೆಂದೇ ನೆನಪಾಗಲಿಲ್ಲ.

ಅಣ್ಣ ಹಾಗೇ ತಲೆ ಬಗ್ಗಿಸಿಕೊಂಡು ಕಾಯುತ್ತಿದ್ದ.